ಒಂದು ಮಾರ್ಕ್ಸ್ ಎಲ್ಲಿ ಹೋಯ್ತು?

2022ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕರ್ನಾಟಕದ 145 ಮಕ್ಕಳು 625ಕ್ಕೆ 625 ಅಂಕ ತೆಗೆದರು. ಹಿಂದೆಲ್ಲ ‘ಔಟ್ ಆಫ್ ಔಟ್’ ಎಂಬುದು ಗಣಿತಕ್ಕೋ ಸಂಸ್ಕೃತಕ್ಕೋ ಮೀಸಲಾಗಿತ್ತು. ಕನ್ನಡದಲ್ಲಿ, ಸಮಾಜ ವಿಜ್ಞಾನದಲ್ಲಿ ನಾಲ್ಕಾರು ಅಂಕ ಹೋದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಪೂರ್ತಿ ಅಂಕ ಕೈಗೆಟುಕುವ ಸಂಗತಿ. ಹಾಗಾಗಿಯೇ 624 ತೆಗೆದ ಹುಡುಗಿಯ ಮನೆಗೆ ಬಂದ ಚಿಕ್ಕಮ್ಮ ಬಾಯಲ್ಲಿ ಪೇಡ ಇರುವಾಗಲೇ ಕೇಳುತ್ತಾರೆ: ‘ಅಲ್ವೇ ಪುಟ್ಟಿ, ಆ ಒಂದು ಮಾರ್ಕ್ಸ್ ಎಲ್ಲಿ ಹೋಯ್ತೇ?’

ಕೇಳಿದವರು ಸಂಜೆಯೊಳಗೆ ಮರೆತುಬಿಡುತ್ತಾರೆ. ಕೇಳಿಸಿಕೊಂಡವಳು ಪಿಯುಸಿ ಮುಗಿಸಿ, ಸಿಇಟಿ ಬರೆದು, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಸೇರುವ ಹೊತ್ತಿಗೆ ಆ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡಿರುತ್ತಾಳೆ. ಈ ಅಧ್ಯಾಯ ಆ ರೂಢಿಯ ಬಗ್ಗೆ.

ಅಂಕಗಳ ಆಸೆಯನ್ನು ಹೀಗಳೆಯುವ ಇರಾದೆ ನನಗಿಲ್ಲ. ‘ಮಾರ್ಕ್ಸ್ ಮುಖ್ಯ ಅಲ್ಲ’ ಎಂದು ವೇದಿಕೆಯ ಮೇಲೆ ನಿಂತು ಹೇಳುವವರು ಸಾಮಾನ್ಯವಾಗಿ ಒಳ್ಳೆಯ ಅಂಕ ತೆಗೆದು ಒಳ್ಳೆಯ ಕಡೆ ಸೇರಿಕೊಂಡವರೇ. ಟೆನ್ತ್, ಪಿಯು, ಬಿಇ ಮೂರರಲ್ಲೂ ಅರವತ್ತು ಪರ್ಸೆಂಟ್ ಇಲ್ಲದವರನ್ನು ಎಷ್ಟೋ ಕಂಪನಿಗಳು ಪ್ಲೇಸ್‌ಮೆಂಟ್ ಪರೀಕ್ಷೆಗೇ ಕೂರಿಸುವುದಿಲ್ಲ. ನಾನು ಹೇಳಹೊರಟಿದ್ದು ಇಷ್ಟು: ಅಂಕವನ್ನೇ ತನ್ನ ಬೆಲೆ ಎಂದುಕೊಂಡವರಿಗೆ ಅಂಕ ತೆಗೆಯುವುದೂ ಕಷ್ಟವಾಗುತ್ತದೆ, ಕಲಿಯುವುದು ಇನ್ನೂ ಕಷ್ಟವಾಗುತ್ತದೆ.

ಆ ಹುಡುಗಿಯ ಲ್ಯಾಬ್ ರೆಕಾರ್ಡ್ ತೆರೆದು ನೋಡೋಣ. ಸ್ಪ್ರಿಂಗಿಗೆ ಐವತ್ತೈವತ್ತು ಗ್ರಾಂ ತೂಕ ಹೆಚ್ಚಿಸುತ್ತ ಅದು ಎಷ್ಟೆಷ್ಟು ಹಿಗ್ಗಿತೆಂದು ಅಳೆಯುವ ಪ್ರಯೋಗ. ಬಲಪುಟದಲ್ಲಿ ನೀಲಿ ಪೆನ್ನಿನ ಬರಹ, ಎಡಗಡೆಯ ಗೆರೆಯಿಲ್ಲದ ಪುಟದಲ್ಲಿ ಪೆನ್ಸಿಲ್ ಚಿತ್ರ, ಕೊನೆಯಲ್ಲಿ ಅಂಟಿಸಿದ ಗ್ರಾಫ್ ಹಾಳೆ. ರಾತ್ರಿ ಹನ್ನೊಂದೂವರೆಗೆ ಒಂದು ಪದದಲ್ಲಿ ಅಕ್ಷರ ತಪ್ಪಿರುವುದು ಕಣ್ಣಿಗೆ ಬೀಳುತ್ತದೆ. ವೈಟ್ನರ್ ಹಚ್ಚಿದರೆ ಕಲೆ ಕಾಣುತ್ತದೆಂದು ಹಾಳೆಯನ್ನೇ ಕೀಳುತ್ತಾಳೆ. ಹೊಲಿಗೆ ಸಡಿಲಾಗಿ ಜೊತೆಯ ಹಾಳೆಯೂ ಕಳಚಿ ಬರುತ್ತದೆ, ಅದನ್ನೂ ಮತ್ತೆ ಬರೆಯಬೇಕು. ಆಮೇಲೆ ಗ್ರಾಫ್. ಆರು ಬಿಂದುಗಳಲ್ಲಿ ಐದು ನೆಟ್ಟಗೆ ಒಂದೇ ಗೆರೆಯ ಮೇಲೆ ಕೂತಿವೆ, 250 ಗ್ರಾಂನದು ಮಾತ್ರ ಆಚೆಗಿದೆ. ಪಟ್ಟಿಯಲ್ಲಿ ಆ ಅಳತೆಯನ್ನು ಎರಡು ಮಿಲಿಮೀಟರ್ ತಗ್ಗಿಸುತ್ತಾಳೆ, ಬಿಂದು ಗೆರೆಗೆ ಬರುತ್ತದೆ. ರೆಕಾರ್ಡಿಗೆ ಹತ್ತಕ್ಕೆ ಹತ್ತು ಸಿಗುತ್ತದೆ.

ಆ ಬಿಂದು ಆಚೆ ಹೋದದ್ದು ಏಕೆ? ತೂಕ ಇನ್ನೂ ತೂಗಾಡುತ್ತಿರುವಾಗಲೇ ಅಳತೆ ಓದಿರಬಹುದು. ಕಣ್ಣನ್ನು ಸ್ಕೇಲಿನ ಮಟ್ಟಕ್ಕೆ ತಾರದೆ ಮೇಲಿನಿಂದ ನೋಡಿರಬಹುದು. ಎಷ್ಟೋ ಬ್ಯಾಚಿನವರು ಎಳೆದೆಳೆದು ಆ ಸ್ಪ್ರಿಂಗೇ ಸವೆದಿರಬಹುದು. ಆ ಪ್ರಯೋಗದಲ್ಲಿ ಅವಳು ಪುಸ್ತಕದಲ್ಲಿಲ್ಲದ ಏನನ್ನಾದರೂ ಕಲಿಯುವ ಅವಕಾಶ ಇದ್ದದ್ದು ಆ ಒಂದು ಬಿಂದುವಿನಲ್ಲಿ. ಅದನ್ನೇ ರಬ್ಬರ್ ಹಾಕಿ ಅಳಿಸಿದ್ದಾಯಿತು.

ತಪ್ಪು ಕಂಡ ಕೂಡಲೇ ಬೆಚ್ಚುವುದು ಎಲ್ಲರ ಮಿದುಳಿಗೂ ಸಹಜ. 1990ರ ಸುಮಾರಿಗೆ ಜರ್ಮನಿ ಮತ್ತು ಅಮೆರಿಕದ ಎರಡು ತಂಡಗಳು ಬೇರೆಬೇರೆಯಾಗಿ ಒಂದು ಸಂಗತಿ ಕಂಡುಕೊಂಡವು. ತಲೆಗೆ ವಿದ್ಯುದಗ್ರಗಳನ್ನು ಅಂಟಿಸಿಕೊಂಡು ಗುಂಡಿ ಒತ್ತುವ ಆಟ ಆಡುವವರು ತಪ್ಪು ಗುಂಡಿ ಒತ್ತಿದರೆ, ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಹಣೆಯ ಹಿಂದಿನ ನಡುಭಾಗದಿಂದ ಋಣ ವಿದ್ಯುತ್ತಿನ ಒಂದು ಅಲೆ ಏಳುತ್ತದೆ. ‘ಅಯ್ಯೋ’ ಎಂದು ಬಾಯಿ ಹೇಳುವುದಕ್ಕೆ ಎಷ್ಟೋ ಮೊದಲೇ ಮಿದುಳಿಗೆ ತಪ್ಪು ಗೊತ್ತಾಗಿರುತ್ತದೆ. ಕಲಿಕೆಗೆ ಈ ಸಂಕೇತ ಬೇಕೇಬೇಕು. ತಪ್ಪು ತಿಳಿಯದಿದ್ದರೆ ತಿದ್ದಿಕೊಳ್ಳುವುದು ಹೇಗೆ? ಆದರೆ ಆತಂಕದ ಸ್ವಭಾವದವರಲ್ಲಿ, ಗೀಳು ರೋಗ ಇರುವವರಲ್ಲಿ ಈ ಅಲೆ ಉಳಿದವರಿಗಿಂತ ಎತ್ತರವಾಗಿರುತ್ತದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ತಪ್ಪು ಅಷ್ಟೇ, ಗಂಟೆ ಮಾತ್ರ ಜೋರು.

ಮನಶ್ಶಾಸ್ತ್ರಜ್ಞರು ಪರಿಪೂರ್ಣತೆಯ ಗೀಳನ್ನು ಗಂಭೀರವಾಗಿ ಅಳೆಯತೊಡಗಿದ್ದೂ ಅದೇ ಕಾಲದಲ್ಲಿ. 1991ರಲ್ಲಿ ಕೆನಡಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಇದನ್ನು ಮೂರು ಬಗೆಯಾಗಿ ಬಿಡಿಸಿದರು. ತಾನೇ ತನ್ನ ಮೇಲೆ ಹೇರಿಕೊಳ್ಳುವುದು ಒಂದು. ಬೇರೆಯವರಿಂದ ಪರಿಪೂರ್ಣತೆ ಬಯಸುವುದು ಎರಡನೆಯದು. ಜೊತೆಗಾರನ ಪ್ರಾಜೆಕ್ಟ್ ರಿಪೋರ್ಟನ್ನು ರಾತ್ರೋರಾತ್ರಿ ತಾನೇ ಬದಲಿಸಿ ಬರೆಯುವವರನ್ನು ನೀವು ನೋಡಿರುತ್ತೀರಿ. ಮೂರನೆಯದು, ‘ನಾನು ಪರಿಪೂರ್ಣನಾಗಿದ್ದರೆ ಮಾತ್ರ ಜನ ನನ್ನನ್ನು ಒಪ್ಪುತ್ತಾರೆ’ ಎಂಬ ನಂಬಿಕೆ. ಬ್ರಿಟನ್ನಿನ ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್ನುಗಳ 41,641 ಕಾಲೇಜು ವಿದ್ಯಾರ್ಥಿಗಳು ಈ ಮೂರನ್ನು ಅಳೆಯುವ ಪ್ರಶ್ನಾವಳಿಗೆ ಕೊಟ್ಟ ಉತ್ತರಗಳನ್ನು ಒಟ್ಟು ಹಾಕಿ ನೋಡಿದರು. ಮೂರೂ ಏರಿದ್ದವು. ಮೊದಲನೆಯದು ಶೇ 10, ಎರಡನೆಯದು ಶೇ 16, ಮೂರನೆಯದು ಶೇ 33. ಚಿಕ್ಕಮ್ಮನ ಪ್ರಶ್ನೆ ಸೇರುವುದು ಈ ಮೂರನೆಯ ಖಾತೆಗೆ.

ಎಲ್ಲ ಬಗೆಯ ಅಚ್ಚುಕಟ್ಟುತನವೂ ಕೆಡುಕೇನಲ್ಲ. ಡೇನಿಯಲ್ ಮ್ಯಾಡಿಗನ್ 2019ರಲ್ಲಿ ಇಂಥ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಎತ್ತರದ ಗುರಿ ಇಟ್ಟುಕೊಳ್ಳುವವರ ಅಂಕ ಹೆಚ್ಚಿರುವುದು ಕಂಡಿತು. ತಪ್ಪಿನ ಭಯ, ಜನ ಏನೆಂದಾರೋ ಎಂಬ ಚಿಂತೆ, ಮಾಡಿದ್ದರ ಬಗ್ಗೆ ಸದಾ ಅನುಮಾನ — ಇವು ಹೆಚ್ಚಿದ್ದವರ ಅಂಕ ತುಸು ಕಡಿಮೆಯೇ ಇತ್ತು. ಒಬ್ಬರೊಳಗೇ ಎರಡೂ ಇರುವುದುಂಟು. ಗುರಿಯಿಂದ ಬಂದ ಅಂಕವನ್ನು ನೋಡಿ ಭಯದಿಂದ ಬಂದಿತೆಂದು ತಿಳಿದು ಭಯವನ್ನೇ ಪೋಷಿಸುವವರು ಕಡಿಮೆಯಿಲ್ಲ. ‘ಹೆದರಿಕೆ ಇದ್ದರೇ ಓದೋದು’ ಎಂದು ನಮ್ಮ ಮನೆಗಳಲ್ಲಿ, ಸ್ಟಾಫ್ ರೂಮುಗಳಲ್ಲಿ ಹೇಳುವುದು ಇದನ್ನೇ.

ಇನ್ನು ಬೆಲೆಯ ಮಾತು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ಜೆನಿಫರ್ ಕ್ರಾಕರ್ ಈ ವಿಷಯದಲ್ಲಿ ಮಾಡಿದ ಕೆಲಸ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅದುವರೆಗೆ ಎಲ್ಲರೂ ಕೇಳುತ್ತಿದ್ದದ್ದು ಆತ್ಮಗೌರವ ಎಷ್ಟಿದೆ ಎಂದು. ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಮಾಡಿದ ಹತ್ತು ವಾಕ್ಯಗಳ ಅಳತೆಗೋಲು ಅದಕ್ಕೆ ಸಾಕಾಗಿತ್ತು. ಆತ್ಮಗೌರವ ಏರಿದರೆ ಮಕ್ಕಳ ಓದು, ನಡತೆ ಎಲ್ಲ ಸರಿಹೋಗುತ್ತದೆಂದು ನಂಬಿ ಕ್ಯಾಲಿಫೋರ್ನಿಯಾ ಸರ್ಕಾರ 1986ರಲ್ಲಿ ಒಂದು ಕಾರ್ಯಪಡೆಯನ್ನೇ ನೇಮಿಸಿತ್ತು. ಕ್ರಾಕರ್ ಕೇಳಿದ್ದು ಬೇರೆ ಪ್ರಶ್ನೆ: ಆ ಗೌರವ ಯಾವುದರ ಮೇಲೆ ನಿಂತಿದೆ? ಕಾಲೇಜು ವಿದ್ಯಾರ್ಥಿಗಳಲ್ಲಿ ಅವರ ತಂಡ ಏಳು ನೆಲೆಗಳನ್ನು ಗುರುತಿಸಿತು. ಓದಿನ ಸಾಮರ್ಥ್ಯ, ರೂಪ, ಬೇರೆಯವರ ಮೆಚ್ಚುಗೆ, ಪೈಪೋಟಿಯಲ್ಲಿ ಗೆಲ್ಲುವುದು, ಮನೆಯವರ ಪ್ರೀತಿ, ತನ್ನ ಸನ್ನಡತೆ, ದೇವರ ಕೃಪೆ. ಪ್ರತಿಯೊಬ್ಬರೂ ಇವುಗಳಲ್ಲಿ ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ ಜೋತುಬಿದ್ದಿರುತ್ತಾರೆ.

ಮಿಶಿಗನ್‌ಗೆ ಆಗಷ್ಟೇ ಸೇರಿದ 642 ವಿದ್ಯಾರ್ಥಿಗಳನ್ನು ಮೊದಲ ವರ್ಷವಿಡೀ ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ. ಆತ್ಮಗೌರವ ಹೆಚ್ಚೋ ಕಡಿಮೆಯೋ ಎಂಬುದರಿಂದ ಆ ವರ್ಷ ಓದಿನಲ್ಲಿ ಯಾರಿಗೆ ತೊಂದರೆಯಾಗುತ್ತದೆಂದು ಊಹಿಸಲಾಗಲಿಲ್ಲ. ಆ ಗೌರವ ಓದಿಗೆ ಎಷ್ಟು ಕಟ್ಟಿಬಿದ್ದಿದೆ ಎಂಬುದರಿಂದ ಊಹಿಸಲು ಸಾಧ್ಯವಾಯಿತು. ಓದಿನ ಮೇಲೆ ತಮ್ಮ ಬೆಲೆಯನ್ನು ನಿಲ್ಲಿಸಿದವರಿಗೇ ಓದಿನ ತೊಂದರೆಗಳು ಹೆಚ್ಚು. ಓದನ್ನು ಯಾರು ಎಲ್ಲಕ್ಕಿಂತ ಮಹತ್ವದ್ದೆಂದು ತಿಳಿದಿದ್ದರೋ ಅವರಿಗೇ ಅದು ತಲೆನೋವಾಯಿತು.

ಇದು ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡಲು ಕ್ರಾಕರ್ ಇನ್ನೊಂದು ಉಪಾಯ ಹೂಡಿದರು. ಪದವಿಯ ಕೊನೆಯ ವರ್ಷದಲ್ಲಿದ್ದು ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದ್ದವರನ್ನು ಆರಿಸಿಕೊಂಡರು. ವಾರಕ್ಕೆರಡು ಸಲ, ಜೊತೆಗೆ ಯಾವುದಾದರೂ ವಿಶ್ವವಿದ್ಯಾಲಯದಿಂದ ಉತ್ತರ ಬಂದ ದಿನ, ಅವರು ಆತ್ಮಗೌರವದ ಪ್ರಶ್ನಾವಳಿ ತುಂಬಬೇಕಿತ್ತು. ಸೀಟು ಸಿಕ್ಕಿತೆಂಬ ಪತ್ರ ಬಂದ ದಿನ ಗೌರವದ ಮಟ್ಟ ಮೇಲೇರುತ್ತಿತ್ತು, ಇಲ್ಲವೆಂದ ದಿನ ಕುಸಿಯುತ್ತಿತ್ತು. ಓದಿಗೆ ತಮ್ಮ ಬೆಲೆಯನ್ನು ಕಟ್ಟಿಹಾಕಿದವರಲ್ಲಿ ಈ ಏರಿಳಿತ ವಿಪರೀತ. ಆ ಮೇಲೆ ಎಂಜಿನಿಯರಿಂಗ್ ಮತ್ತು ಮನಶ್ಶಾಸ್ತ್ರದ ವಿದ್ಯಾರ್ಥಿಗಳ ಗ್ರೇಡುಗಳನ್ನು ಇದೇ ರೀತಿ ಬೆನ್ನುಹತ್ತಿದಾಗ ಇನ್ನೊಂದು ಅಂಶ ಹೊರಬಿತ್ತು. ನಿರೀಕ್ಷೆಗಿಂತ ಕಡಿಮೆ ಗ್ರೇಡ್ ಬಂದ ದಿನ ಇಂಥವರ ಆತ್ಮಗೌರವದ ಜೊತೆಗೆ ತಮ್ಮ ವಿಷಯದ ಮೇಲಿನ ಅಕ್ಕರೆಯೂ ಇಳಿಯುತ್ತಿತ್ತು. ‘ನನಗೆ ಸರ್ಕ್ಯೂಟ್ಸ್ ಇಷ್ಟವೇ ಇಲ್ಲ’ ಎನ್ನುವ ಎಷ್ಟು ಮಂದಿ ಒಂದು ಇಂಟರ್ನಲ್ಸ್ ಪತ್ರಿಕೆಯ ದಿನ ಹಾಗಾದರೋ!

ಆತ್ಮಗೌರವ ಎಂಬುದು ಏಕೆ ಹೀಗೆ ವಾಲಾಡುತ್ತದೆ ಎಂಬುದಕ್ಕೆ ಮಾರ್ಕ್ ಲಿಯರಿ 1995ರಲ್ಲಿ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಗುಂಪಿನಿಂದ ಹೊರಬಿದ್ದ ಮನುಷ್ಯ ಬದುಕಿ ಉಳಿಯುವುದು ಕಷ್ಟವಾಗಿದ್ದ ಕಾಲದಲ್ಲಿ, ತನ್ನನ್ನು ಉಳಿದವರು ಎಷ್ಟರಮಟ್ಟಿಗೆ ಸೇರಿಸಿಕೊಳ್ಳುತ್ತಿದ್ದಾರೆಂದು ತೋರಿಸುವ ಮುಳ್ಳೊಂದು ಮನಸ್ಸಿನಲ್ಲಿ ಬೆಳೆಯಿತು, ಬೈಕಿನ ಪೆಟ್ರೋಲ್ ಮುಳ್ಳಿನಂತೆ. ಮುಳ್ಳನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಟ್ಯಾಂಕು ತುಂಬುವುದಿಲ್ಲ. ಅಂಕ ಕಡಿಮೆಯಾದಾಗ ಹೊಟ್ಟೆಯಲ್ಲಿ ತಳಮಳ ಆಗುವುದು ಅಂಕಕ್ಕಾಗಿ ಅಲ್ಲವೇ ಅಲ್ಲ. ಅಪ್ಪ ಮಾತು ಬಿಟ್ಟಾರೇ, ಗೆಳತಿಯರು ತಮ್ಮ ಸ್ಟಡಿ ಗುಂಪಿನಿಂದ ಕೈಬಿಟ್ಟಾರೇ ಎಂಬುದಕ್ಕಾಗಿ.

ಕಾಲೇಜಿನ ಮೊದಲ ವರ್ಷದಲ್ಲೇ ಇದು ಉಲ್ಬಣಿಸುವುದಕ್ಕೆ ಕಾರಣವಿದೆ. ತಾಲ್ಲೂಕಿಗೇ ಮೊದಲು ಬಂದವಳು ಬೆಂಗಳೂರಿನ ಒಳ್ಳೆಯ ಕಾಲೇಜಿಗೆ ಬಂದರೆ ಬೆಂಚಿನಲ್ಲಿ ಎಡಕ್ಕೊಬ್ಬಳು, ಬಲಕ್ಕೊಬ್ಬಳು ತಂತಮ್ಮ ತಾಲ್ಲೂಕಿನ ಮೊದಲಿಗರೇ. ಆಸ್ಟ್ರೇಲಿಯಾದ ಹರ್ಬರ್ಟ್ ಮಾರ್ಷ್ ಎಂಬತ್ತರ ದಶಕದಿಂದ ಇದನ್ನು ಅಧ್ಯಯನ ಮಾಡುತ್ತ ಬಂದವರು. ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ಜಾಣರೇ ತುಂಬಿರುವ ಶಾಲೆಗೆ ಹೋದವರಿಗೆ ತಮ್ಮ ಬಗೆಗಿನ ಅಭಿಪ್ರಾಯ ಕೆಳಗಿರುತ್ತದೆ. ಇದನ್ನು ಅವರು 26 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಹದಿನೈದರ ಹರೆಯದವರಲ್ಲಿ ಕಂಡು 2003ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ದುಪ್ಪಟ್ಟು. ಗೊತ್ತಿರುವ ಉತ್ತರವನ್ನೂ ಇಂಗ್ಲಿಷಿನಲ್ಲಿ ಹೇಳಲು ತಡಕಾಡುವಾಗ ತಾನು ದಡ್ಡಳೆಂದು ಅವಳೇ ತೀರ್ಮಾನಿಸಿಬಿಡುತ್ತಾಳೆ. ಅವಳ ತಿಳಿವಳಿಕೆ ರಾತ್ರಿ ಬೆಳಗಾಗುವುದರೊಳಗೆ ಕರಗಿಹೋಗಿಲ್ಲ, ಅಕ್ಕಪಕ್ಕದವರು ಬದಲಾಗಿದ್ದಾರೆ ಅಷ್ಟೇ. ಇದನ್ನು ಮೊದಲ ದಿನದ ಓರಿಯಂಟೇಷನ್‌ನಲ್ಲಿ ಯಾರಾದರೂ ಐದು ನಿಮಿಷ ಹೇಳಿದರೆ ಸಾಕು. ಹೇಳುವುದು ಹಾಜರಾತಿಯ ನಿಯಮ ಮಾತ್ರ.

ಬೆಲೆ ಕಳೆದುಕೊಳ್ಳುವ ಭಯ ಹುಟ್ಟಿದ ಮೇಲೆ ಮನಸ್ಸು ಹೂಡುವ ಒಂದು ಆಟವನ್ನು 1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಪ್ರಯೋಗಶಾಲೆಯಲ್ಲಿ ಬಯಲಿಗೆಳೆದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಬುದ್ಧಿಯ ಪರೀಕ್ಷೆ ಎಂದು ಒಂದಿಷ್ಟು ಪ್ರಶ್ನೆ ಕೊಟ್ಟರು. ಅರ್ಧ ಮಂದಿಗೆ ಬಿಡಿಸಲು ಬರುವಂಥವು, ಇನ್ನರ್ಧಕ್ಕೆ ಹೆಚ್ಚಿನವು ಉತ್ತರವೇ ಇಲ್ಲದಂಥವು. ಎಲ್ಲರಿಗೂ ‘ಬಹಳ ಚೆನ್ನಾಗಿ ಮಾಡಿದ್ದೀರಿ’ ಎಂದೇ ಹೇಳಲಾಯಿತು. ಎರಡನೇ ಗುಂಪಿನವರ ಪಾಡು ಯೋಚಿಸಿ: ಊಹಿಸಿ ಬರೆದದ್ದಕ್ಕೆ ಶಹಬ್ಬಾಸ್ ಸಿಕ್ಕಿದೆ, ಹೇಗೆ ಸಿಕ್ಕಿತೋ ತಿಳಿಯದು, ಈಗ ಮತ್ತೊಂದು ಪರೀಕ್ಷೆ ಕಾದಿದೆ. ಅದಕ್ಕೆ ಮುಂಚೆ ಎರಡು ಮಾತ್ರೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಒಂದು ಬುದ್ಧಿ ಚುರುಕಾಗಿಸುವುದು, ಇನ್ನೊಂದು ಮಂಕಾಗಿಸುವುದು ಎಂದು ಅವರಿಗೆ ತಿಳಿಸಲಾಗಿತ್ತು. ಉತ್ತರವಿಲ್ಲದ ಪ್ರಶ್ನೆಗಳಿಗೆ ಹೊಗಳಿಸಿಕೊಂಡ ಹುಡುಗರಲ್ಲಿ ಬಹುಪಾಲು ಮಂದಿ ಕೈಚಾಚಿದ್ದು ಮಂಕಾಗಿಸುವ ಮಾತ್ರೆಗೆ. ಮುಂದಿನ ಪರೀಕ್ಷೆ ಕೆಟ್ಟರೆ ಮಾತ್ರೆಯ ಮೇಲೆ ಹಾಕಬಹುದು, ಬುದ್ಧಿಯ ಬೆಲೆ ಹಾಗೇ ಉಳಿಯುತ್ತದೆ. ಹುಡುಗಿಯರಲ್ಲಿ ಆ ಪ್ರಯೋಗದ ಮಟ್ಟಿಗೆ ಇದು ಅಷ್ಟಾಗಿ ಕಾಣಲಿಲ್ಲ.

ನಮ್ಮ ಹಾಸ್ಟೆಲುಗಳಲ್ಲಿ ಮಾತ್ರೆ ಬೇಕಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಸಿನಿಮಾ ಇದೆ, ಕಾಲೇಜು ಫೆಸ್ಟಿನ ಓಡಾಟ ಇದೆ, ‘ನಾನು ಪುಸ್ತಕ ಮುಟ್ಟೇ ಇಲ್ಲ ಮಗಾ’ ಎಂಬ ಮಾತಿದೆ. ಅದನ್ನು ಹೇಳುವವರಲ್ಲಿ ಕೆಲವರು ಕದ್ದು ಓದಿದವರು, ಕೆಲವರು ನಿಜಕ್ಕೂ ಓದದವರು, ಎರಡೂ ಬಗೆಯವರು ಕಾಪಾಡಿಕೊಳ್ಳುತ್ತಿರುವುದು ಒಂದನ್ನೇ, ತಮ್ಮ ಬುದ್ಧಿಯ ಬೆಲೆಯನ್ನು. ಅಸೈನ್‌ಮೆಂಟನ್ನು ಕೊನೆಯ ಗಳಿಗೆವರೆಗೆ ಮುಂದೂಡುವ ಪರಿಪೂರ್ಣತೆಯ ಗೀಳಿನವರನ್ನು ಸೋಮಾರಿಗಳೆಂದು ಬೈಯುವ ಮೊದಲು ಈ ಮಾತ್ರೆ ನೆನಪಾಗಲಿ. ಚೆನ್ನಾಗಿ ಸಮಯ ಕೊಟ್ಟು ಮಾಡಿದ ಕೆಲಸಕ್ಕೆ ಕಡಿಮೆ ಅಂಕ ಬಂದರೆ ಅವರಿಗೆ ಹೇಳಿಕೊಳ್ಳಲು ನೆಪ ಉಳಿಯುವುದಿಲ್ಲ.

ಹಾಗಾದರೆ ಬೆನ್ನು ತಟ್ಟಿದರೆ ಆಯಿತೇ? ಡೊನೆಲ್ಸನ್ ಫೋರ್ಸಿತ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಮೊದಲ ಪರೀಕ್ಷೆಯಲ್ಲಿ ಕಡಿಮೆ ಗ್ರೇಡ್ ಬಂದ ವಿದ್ಯಾರ್ಥಿಗಳಿಗೆ ವಾರವಾರ ಇಮೇಲಿನಲ್ಲಿ ಅಭ್ಯಾಸದ ಪ್ರಶ್ನೆಗಳು ಬರುತ್ತಿದ್ದವು. ಕೆಲವರಿಗೆ ಅದರ ಜೊತೆ ‘ನಿಮ್ಮ ಬಗ್ಗೆ ನಿಮಗೆ ಹೆಮ್ಮೆಯಿರಲಿ’ ಎಂಬ ಧಾಟಿಯ ಮಾತೂ ಇತ್ತು. ಹೆಮ್ಮೆಯ ಮಾತು ಬಂದವರಲ್ಲಿ ತೀರ ಹಿಂದುಳಿದಿದ್ದವರು ಮುಂದಿನ ಪರೀಕ್ಷೆಯಲ್ಲಿ ಇನ್ನೂ ಕೆಳಗಿಳಿದರು.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಬೇರೆ ದಾರಿ ತೋರಿಸಿದರು. ಕಠಿಣವಾದ ಪದಗಳ ಪರೀಕ್ಷೆಯೊಂದನ್ನು ಕೊಟ್ಟು, ಕೆಲವರಿಗೆ ‘ಬರ್ಕ್ಲಿಗೆ ಸೇರಿದ್ದೀರಿ ಎಂದರೆ ಬುದ್ಧಿವಂತರೇ ಇರಬೇಕು’ ಎಂಬರ್ಥದ ಮಾತು ಹೇಳಿದರು. ಇನ್ನು ಕೆಲವರಿಗೆ, ಇಂಥ ಪರೀಕ್ಷೆ ಬಹಳ ಜನಕ್ಕೆ ಕಷ್ಟವಾಗುತ್ತದೆ, ನಿಮ್ಮನ್ನು ನೀವು ಹೆಚ್ಚು ಹಳಿದುಕೊಳ್ಳಬೇಡಿ ಎಂದರು. ಮತ್ತೆ ಕೆಲವರಿಗೆ ಏನೂ ಹೇಳಲಿಲ್ಲ. ಆ ಮೇಲೆ ಮರುಪರೀಕ್ಷೆಗೆ ಬೇಕಾದಷ್ಟು ಹೊತ್ತು ಓದಿಕೊಳ್ಳಿ ಎಂದು ಬಿಟ್ಟಾಗ, ಹೆಚ್ಚು ಹೊತ್ತು ಕೂತು ಓದಿದವರು ಎರಡನೆಯ ಗುಂಪಿನವರು. ತನ್ನ ಮೇಲೆ ತಾನು ಕರುಣೆ ತೋರಿದರೆ ಆಲಸ್ಯ ಬರುತ್ತದೆಂಬ ನಮ್ಮ ಹಿರಿಯರ ಭಯಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಬೆಲೆ ಕಟ್ಟುವ ಅಂಕವೇ ಎಷ್ಟು ನಂಬಿಕೆಗೆ ಯೋಗ್ಯ ಎಂಬುದನ್ನೂ ನೋಡಬೇಕು. 1912ರಲ್ಲಿ ವಿಸ್ಕಾನ್ಸಿನ್ನಿನ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯ ನಕಲನ್ನು ನೂರಕ್ಕೂ ಹೆಚ್ಚು ಶಾಲೆಗಳ ಉಪಾಧ್ಯಾಯರಿಗೆ ಕಳಿಸಿದರು. ನೂರಕ್ಕೆ 64 ಕೊಟ್ಟವರೂ ಇದ್ದರು, 98 ಕೊಟ್ಟವರೂ ಇದ್ದರು. ಭಾಷೆಯಲ್ಲಿ ಹಾಗಾಗುತ್ತದೆ ಬಿಡಿ ಎಂದು ಜನ ಆಕ್ಷೇಪಿಸಿದಾಗ ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಲ್ಲಿ ಅಂಕಗಳು 28ರಿಂದ ಹಿಡಿದು 90 ದಾಟಿ ಹರಡಿದವು. ಚಿತ್ರ ಅಂದಗೆಟ್ಟದ್ದಕ್ಕೆ ಅಂಕ ಕಳೆದವರಿದ್ದರು, ಉತ್ತರ ಒಂದನ್ನೇ ನೋಡಿದವರಿದ್ದರು. ರಿವ್ಯಾಲ್ಯುಯೇಷನ್‌ಗೆ ಹಾಕಿ ಫೇಲು ಪಾಸಾದದ್ದನ್ನು ಕಂಡ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸ ಸುದ್ದಿಯಲ್ಲ. ಆದರೂ ಅದೇ ವಿದ್ಯಾರ್ಥಿ 8.9 ಸಿಜಿಪಿಎಗೂ 9.0ಗೂ ನಡುವಿನ ಆ ಚೂರನ್ನು ತನ್ನ ಬುದ್ಧಿಯ ತೂಕವೆಂದು ನಂಬಿ ನಿದ್ದೆಗೆಡುತ್ತಾನೆ.

ಈ ನಂಬಿಕೆ ಕೆಲವೊಮ್ಮೆ ಪ್ರಾಣಕ್ಕೆ ಎರವಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಸತ್ತರು. ಪರೀಕ್ಷೆಯಲ್ಲಿ ಅನುತ್ತೀರ್ಣರಾದದ್ದೇ ಕಾರಣವೆಂದು ದಾಖಲಾದ ಸಾವುಗಳು 2,248. ಒಂದು ಸಾವಿಗೆ ಒಂದೇ ಕಾರಣ ಬರೆದುಕೊಳ್ಳುವುದು ಪೊಲೀಸರ ಅನುಕೂಲಕ್ಕೆ. ಖಿನ್ನತೆ, ಸಾಲ, ಅವಮಾನ, ಒಂಟಿತನ ಒಟ್ಟಿಗೆ ಸೇರಿರುತ್ತವೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಈ ಅಂಕಿಗಳನ್ನು ಉಲ್ಲೇಖಿಸಿ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಅಂಕದ ಮೇಲೆ ಬ್ಯಾಚು ವಿಂಗಡಿಸುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಆದಷ್ಟು ಬಿಡಬೇಕೆಂಬುದು ಅದರಲ್ಲೊಂದು. ಪಿಯು ಕಾಲೇಜುಗಳ ‘ಎ’ ಸೆಕ್ಷನ್, ‘ಎಫ್’ ಸೆಕ್ಷನ್ ನೋಡಿದವರಿಗೆ ಈ ಸಾಲು ಯಾರಿಗೆ ಬರೆದದ್ದೆಂದು ತಿಳಿಯುತ್ತದೆ. ಬದುಕೇ ಬೇಡವೆನಿಸುವಷ್ಟು ಕುಗ್ಗಿದವರು, ಅಂಥವರ ಗೆಳೆಯರು, ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲುರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಉಪನ್ಯಾಸಕರಲ್ಲಿ ಒಂದು ಕೋರಿಕೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಐದಾರನೇ ತರಗತಿಯ ಮಕ್ಕಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಎಲ್ಲಿ ಸರಿ ಎಲ್ಲಿ ತಪ್ಪು ಎಂಬ ಬರಹ ಮಾತ್ರ, ಕೆಲವರಿಗೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದವರು, ಆಸಕ್ತಿ ಉಳಿಸಿಕೊಂಡವರು ಬರಹ ಮಾತ್ರ ಪಡೆದ ಮಕ್ಕಳು. ಎರಡೂ ಸಿಕ್ಕವರಿಗೆ ಬರಹದ ಲಾಭ ಸಿಗಲಿಲ್ಲ. ಅಂಕ ಕಂಡ ಕಣ್ಣು ಮುಂದಕ್ಕೆ ಹೋಗಲಿಲ್ಲವೆಂದು ತೋರುತ್ತದೆ. ಸೆಮಿಸ್ಟರ್ ಪರೀಕ್ಷೆ ವಿಶ್ವವಿದ್ಯಾಲಯದ ಕೈಯಲ್ಲಿದೆ, ಇಂಟರ್ನಲ್ಸ್ ನಿಮ್ಮ ಕೈಯಲ್ಲಿದೆ. ಮುಂದಿನ ಇಂಟರ್ನಲ್ಸ್ ಪತ್ರಿಕೆಗಳನ್ನು ಹಿಂದಿರುಗಿಸುವಾಗ ಮೊದಲು ಅಂಚಿನಲ್ಲಿ ಬರೆದ ನಿಮ್ಮ ಎರಡು ಸಾಲುಗಳನ್ನಷ್ಟೇ ಕೊಡಿ, ತರಗತಿಯಲ್ಲಿ ಕೂತು ತಿದ್ದಿಕೊಳ್ಳಲಿ. ಅಂಕದ ಪಟ್ಟಿಯನ್ನು ಮರುದಿನ ಹಾಕಿ. ಇದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.